ನಿಮಗಿದು ಗೊತ್ತೆ? ನಕಲಿ ಡಾಂಗಲ್, ಅಸಲಿ ತಲೆನೋವು
ಲಿನಕ್ಸ್‌ನಲ್ಲಿ ಬ್ಲೂಟೂತ್ ನಡೆಸುವ ಮುಕ್ತ ತಂತ್ರಾಂಶ ‘ಬ್ಲೂಝಡ್’. 2001ರಿಂದ ಲಿನಕ್ಸ್‌ನ ತಿರುಳಾದ ಕರ್ನೆಲ್‌ನೊಳಗಿರುವ ಇದಕ್ಕೆ ಬಹಳ ಕಾಟ ಕೊಟ್ಟದ್ದು ಅಗ್ಗದ ಯುಎಸ್‌ಬಿ ಬ್ಲೂಟೂತ್ ಡಾಂಗಲ್‌ಗಳು. ಬ್ರಿಟನ್ನಿನ ಕೇಂಬ್ರಿಜ್ ಸಿಲಿಕಾನ್ ರೇಡಿಯೊ ಕಂಪನಿಯ ಚಿಪ್ ಎಂದು ಹೇಳಿಕೊಳ್ಳುವ ಇವುಗಳಲ್ಲಿ ಎಷ್ಟೋ ನಕಲಿ. ಗುರುತಿನ ಸಂಖ್ಯೆಯೂ ಅಸಲಿಯದೇ: 0ಎ12:0001. ಕಂಪ್ಯೂಟರಿಗೆ ಸಿಕ್ಕಿಸಿದೊಡನೆ, ಎಲ್ಲ ಆದೇಶಗಳೂ ತನಗೆ ಗೊತ್ತು ಎನ್ನುತ್ತದೆ ನಕಲಿ ಚಿಪ್. ಆದರೆ ‘ಉಳಿಸಿಟ್ಟ ಜೋಡಣೆಯ ಕೀಲಿಗಳನ್ನು ಅಳಿಸು’ ಎಂದರೆ ದೋಷ ಸಂದೇಶ ಬರುತ್ತದೆ, ಡಾಂಗಲ್ ಚಾಲೂ ಆಗುವುದೇ ಇಲ್ಲ. ಹೊಸ ಸೌಲಭ್ಯ ಕಟ್ಟಬೇಕಾದ ಡೆವಲಪರ್‌ಗಳು, ಆವೃತ್ತಿ ಸಂಖ್ಯೆಗಳ ಹೊಂದಾಣಿಕೆ ನೋಡಿ ನಕಲಿಯನ್ನು ಹಿಡಿಯುವ, ಅಂಥ ಆದೇಶ ಕೈಬಿಡುವ ಕೋಡನ್ನು ಮತ್ತೆ ಮತ್ತೆ ತಿದ್ದಬೇಕಾಯಿತು. ಯಾರದೋ ಕಳ್ಳತನಕ್ಕೆ ಇವರ ದುಡಿಮೆ ದಂಡವಾದದ್ದು ಅನ್ಯಾಯವೇ. ಡಾಂಗಲ್ ಕೊಳ್ಳುವಾಗ ಬೆಲೆಯೊಂದನ್ನೇ ನೋಡಬೇಡಿ. ಲಿನಕ್ಸ್‌ನಲ್ಲಿ ನಡೆಯುತ್ತದೆಯೇ ಎಂದು ವಿಚಾರಿಸಿ.