ಗಡ್ಡದ ಓತಿಯೂ ಅದರ ಬಿಲವೂ

ನಮ್ಮ ಬೇಲಿಗಳ ಮೇಲೆ ತಲೆದೂಗುತ್ತ ಕುಳಿತಿರುವ ಓತಿಕ್ಯಾತವನ್ನು ಕಾಣದ ವಾಚಕರು ವಿರಳ. ಅದರ ಕುಟುಂಬಕ್ಕೇ ಸೇರಿದ, ಆದರೆ ಮೈಕಟ್ಟಿನಲ್ಲಿ ಅದಕ್ಕಿಂತ ದೊಡ್ಡದಾದ ಪ್ರಾಣಿಯೊಂದು ಆಸ್ಟ್ರೇಲಿಯದ ಒಳನಾಡಿನ ಒಣಭೂಮಿಯಲ್ಲಿ ವಾಸಿಸುತ್ತದೆ. ಕೆರಳಿದಾಗ ಗಂಟಲ ಕೆಳಗಿನ ಮುಳ್ಳುಮುಳ್ಳಾದ ಚರ್ಮವನ್ನು ಉಬ್ಬಿಸಿ ಕಪ್ಪಾಗಿಸಿಕೊಳ್ಳುವುದರಿಂದ ಆಂಗ್ಲರು ಇದನ್ನು ‘ಬಿಯರ್ಡೆಡ್ ಡ್ರ್ಯಾಗನ್’ ಎಂದು ಕರೆದರು. ನಾವು ‘ಗಡ್ಡದ ಓತಿ’ ಎನ್ನೋಣ. ವಿಜ್ಞಾನಿಗಳು ಇಟ್ಟ ಹೆಸರು ಪೊಗೋನ ವಿಟಿಸೆಪ್ಸ್. ಬಾಲವೂ ಸೇರಿ ಸುಮಾರು ಅರ್ಧ ಮೀಟರ್ ಉದ್ದ. ಸ್ವಭಾವ ಬಲು ಸಾಧು. ಅಮೆರಿಕ, ಯೂರೋಪುಗಳ ಎಷ್ಟೋ ಮನೆಗಳಲ್ಲಿ ಇಂದು ಇದು ಗಾಜಿನ ತೊಟ್ಟಿಯೊಳಗಿನ ಸಾಕುಪ್ರಾಣಿ.

ತೊಟ್ಟಿಯ ಮೂಲೆಯಲ್ಲಿ ಈ ಪ್ರಾಣಿಯು ಮುಂಗಾಲುಗಳಿಂದ ಪರಪರನೆ ಕೆರೆಯುವುದನ್ನು ಕಂಡು ಸಾಕಿದವರು ಆಟವೆಂದು ನಗುವುದುಂಟು. ಅದು ಆಟವಲ್ಲ. ಸರೀಸೃಪಗಳಿಗೆ ನಮ್ಮಂತೆ ಮೈಯೊಳಗೇ ಶಾಖವನ್ನು ಹುಟ್ಟಿಸಿ ಹದದಲ್ಲಿಡುವ ಸಾಮರ್ಥ್ಯವಿಲ್ಲ. ಬಿಸಿ ಬೇಕಾದರೆ ಬಿಸಿಲಿಗೆ ಬರಬೇಕು, ಹೆಚ್ಚಾದರೆ ಓಡಬೇಕು. ಕಾಡಿನ ಗಡ್ಡದ ಓತಿಯು ಕೊಂಬೆಯನ್ನೋ ಬೇಲಿಗೂಟವನ್ನೋ ಏರಿ ಬಿಸಿಲು ಕಾಯುತ್ತದೆ. ಸುಡುಬಿಸಿಲಿಗೂ ಚಳಿಗಾಲದ ಜಡನಿದ್ರೆಗೂ ನೆಲದೊಳಗೆ ಆಶ್ರಯ ಪಡೆಯುತ್ತದೆ. ಹೆಣ್ಣು ಮೊಟ್ಟೆಯಿಡುವುದೂ ನೆಲದೊಳಗೇ. ‘ಕೆಳಗೆ ಹೋದರೆ ತಂಪು’ ಎಂಬುದು ಅದಕ್ಕೆ ಹುಟ್ಟಿನಿಂದ ಬಂದ ಪಾಠ.

ಈ ಪಾಠವು ಎಷ್ಟರಮಟ್ಟಿಗೆ ನಿಜ? ಮಣ್ಣಿನಲ್ಲಿ ಶಾಖವು ಚಲಿಸುವ ಬಗೆಯನ್ನು ಲೆಕ್ಕ ಹಾಕುವ ಗಣಿತವನ್ನು ಫ್ರಾನ್ಸಿನ ಫೂರಿಯೆ 1822ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೇ ಕಾಣಬಹುದು. ಅದರಂತೆ, ಒಣ ಮರಳಿನಲ್ಲಿ 8 ಸೆಂಟಿಮೀಟರ್ ಕೆಳಗಿಳಿದಾಗಲೆಲ್ಲ ಹಗಲಿರುಳಿನ ಉಷ್ಣತೆಯ ಏರಿಳಿತವು ಹೆಚ್ಚುಕಡಿಮೆ ಮೂರನೆಯ ಒಂದು ಪಾಲಿಗೆ ಕುಗ್ಗುತ್ತದೆ. ಮೇಲ್ಮೈಯ ಸರಾಸರಿ ಉಷ್ಣತೆ 35 ಡಿಗ್ರಿ ಸೆಂಟಿಗ್ರೇಡ್, ಹಗಲು 55, ಇರುಳು 15 ಎಂದು ಭಾವಿಸೋಣ. ಒಂದು ಗೇಣಿಗಿಂತ ಸ್ವಲ್ಪವೇ ಹೆಚ್ಚಾದ 24 ಸೆಂಟಿಮೀಟರ್ ಆಳದಲ್ಲಿ 20 ಡಿಗ್ರಿಗಳ ಆ ಏರಿಳಿತವು ಬರಿಯ 1 ಡಿಗ್ರಿಗೆ ಇಳಿದಿರುತ್ತದೆ! ಅಷ್ಟೇ ಅಲ್ಲ, ಹಗಲಿನ ಶಾಖವು ಅಲ್ಲಿಗೆ ತಲುಪುವುದಕ್ಕೆ ಸುಮಾರು 12 ಗಂಟೆ ಬೇಕಾಗುವುದರಿಂದ, ಮೇಲೆ ನೆಲ ಕಾದಿರುವ ಹೊತ್ತಿಗೇ ಬಿಲದ ತಳವು ಅತ್ಯಂತ ತಂಪಾಗಿರುತ್ತದೆ. ಉಷ್ಣವಹನದ ಪಾಠಕ್ಕೆ ಇದಕ್ಕಿಂತ ಸೊಗಸಾದ ಉದಾಹರಣೆಯು ನಮಗೆ ದೊರೆತಿಲ್ಲ.

ಇನ್ನು ಗಾಜಿನ ತೊಟ್ಟಿಗೆ ಬರೋಣ. ಪ್ರಾಣಿಗೆ ಚಳಿಯಾದೀತೆಂದು ಕೆಲವರು ತೊಟ್ಟಿಯ ಅಡಿಯಲ್ಲಿ ವಿದ್ಯುತ್ತಿನಿಂದ ಕಾಯುವ ಹಾಸನ್ನಿಟ್ಟು, ಅದರ ಮೇಲೆ ಮರಳು ತುಂಬುತ್ತಾರೆ. ಹಾಸು ಚದರ ಮೀಟರಿಗೆ 100 ವಾಟ್ ಶಾಖವನ್ನು ಕೊಡುತ್ತದೆ, ಅದೆಲ್ಲವೂ ಮೇಲಕ್ಕೇ ಹರಿಯುತ್ತದೆ ಎಂದಿಟ್ಟುಕೊಳ್ಳಿ. ಒಣ ಮರಳು ಶಾಖದ ದುರ್ವಾಹಕ. ಅದು 10 ಸೆಂಟಿಮೀಟರ್ ದಪ್ಪವಿದ್ದರೆ ತಳಕ್ಕೂ ಮೇಲ್ಮೈಗೂ ಸುಮಾರು 33 ಡಿಗ್ರಿಗಳ ಅಂತರ ಬೀಳುತ್ತದೆ. ಮೇಲೆ ಮುಟ್ಟಿದ ಕೈಗೆ 25 ಡಿಗ್ರಿಯ ಹಿತ. ತಳದಲ್ಲಿ 58 ಡಿಗ್ರಿಯ ಬೆಂಕಿ. ಸೆಕೆಯಾದ ಓತಿಯು ತನ್ನ ಪುರಾತನ ಪಾಠವನ್ನು ನಂಬಿ ತಂಪಿಗಾಗಿ ತೋಡುತ್ತದೆ, ತೋಡಿದಷ್ಟೂ ಬೇಯುತ್ತದೆ. ಹೊಟ್ಟೆಯ ಚರ್ಮ ಸುಟ್ಟ ಬಳಿಕವೇ ಯಜಮಾನನಿಗೆ ವಿಷಯ ತಿಳಿಯುವುದು. ಆದುದರಿಂದ ಶಾಖವು ಸೂರ್ಯನಂತೆ ಮೇಲಿನಿಂದಲೇ ಬರಬೇಕು. ತೊಟ್ಟಿಯ ಒಂದು ಕೊನೆಯಲ್ಲಿ ದೀಪದಡಿಯ ಕಲ್ಲೋ ಕೊಂಬೆಯೋ 40 ಡಿಗ್ರಿಯ ಆಸುಪಾಸಿನಲ್ಲಿರಲಿ. ಇನ್ನೊಂದು ಕೊನೆ 25ರ ಸಮೀಪದಲ್ಲಿರಲಿ. ಅಗೆಯುವ ಸ್ಥಳವನ್ನು ಈ ತಂಪು ಕೊನೆಯಲ್ಲಿಯೇ ಒದಗಿಸಬೇಕು.

ಕಲ್ಲಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಅಂದಕ್ಕೆಂದು ಮರಳಿನ ಮೇಲಿಟ್ಟ ಚಪ್ಪಡಿಯ ಅಡಿಯನ್ನೇ ಓತಿಯು ಮೊದಲು ಆರಿಸಿಕೊಳ್ಳುತ್ತದೆ. ಮರಳು ಸರಿದೊಡನೆ ಚಪ್ಪಡಿ ಕುಸಿದು ಪ್ರಾಣಿಯನ್ನು ಅಪ್ಪಳಿಸುತ್ತದೆ. ಭಾರವಾದ ವಸ್ತುಗಳೆಲ್ಲ ತೊಟ್ಟಿಯ ತಳದ ಮೇಲೆಯೇ ನೇರವಾಗಿ ನಿಂತಿರಬೇಕು, ಮರಳನ್ನು ಸುತ್ತಲೂ ಆಮೇಲೆ ತುಂಬಬೇಕು.

ಮರಳೇ ಕುಸಿಯದೆ? ಒಣ ಮರಳಿನ ರಾಶಿಯ ಇಳಿಜಾರು 35 ಡಿಗ್ರಿ ಕೋನವನ್ನು ಮೀರುವುದು ಅಪರೂಪ. ಅದರಲ್ಲಿ ಬಿಲವೆಂಬುದು ನಿಲ್ಲಲಾರದು. ಸ್ವಲ್ಪ ನೀರು ಬೆರೆತೊಡನೆ ಕಣಕಣಗಳ ನಡುವೆ ನೀರಿನ ಸಣ್ಣ ಸೇತುವೆಗಳು ಏರ್ಪಡುತ್ತವೆ. ಅವುಗಳ ಮೇಲ್ಮೈ ಎಳೆತವು ಕಣಗಳನ್ನು ಬಿಗಿದು ಹಿಡಿಯುತ್ತದೆ. ಸಮುದ್ರತೀರದಲ್ಲಿ ಮಕ್ಕಳು ಕಟ್ಟುವ ಮರಳಿನ ಗುಡಿ ನಿಲ್ಲುವುದೂ ಇದರಿಂದಲೇ. ನೀರು ಅತಿಯಾದರೆ ಸೇತುವೆಗಳೆಲ್ಲ ಒಂದಾಗಿ ಬಿಗಿ ತಪ್ಪಿ, ಗುಡಿ ಕೆಸರಾಗುತ್ತದೆ. ಹಿಡಿ ಮರಳನ್ನು ಹಿಸುಕಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿನಿಂದ ನೀರು ಸೋರಬಾರದು. ಇದೇ ಹದ. ಗೊಬ್ಬರವನ್ನಾಗಲಿ ಕೀಟನಾಶಕವನ್ನಾಗಲಿ ಸೋಕಿಸದ ಮಣ್ಣನ್ನು ತೊಳೆದ ಮರಳಿಗೆ ಬೆರೆಸಿದರೆ ಇನ್ನೂ ಉತ್ತಮ. ಈ ಪ್ರಾಣಿಯ ತವರಿನ ನೆಲವಾದರೂ ಬಹುಪಾಲು ಗಟ್ಟಿಯಾದ ಮಣ್ಣೇ, ಸಡಿಲ ಮರಳಿನ ದಿಬ್ಬವಲ್ಲ.

ಆದರೆ ತೊಟ್ಟಿಯನ್ನೆಲ್ಲ ಹೀಗೆ ತೇವವಾಗಿಡಲಾಗದು. ಒಣನಾಡಿನ ಪ್ರಾಣಿಗೆ ಸದಾ ತೇವವು ರೋಗಕ್ಕೆ ದಾರಿ. ಪ್ರತ್ಯೇಕವಾದ ಒಂದು ಪೆಟ್ಟಿಗೆಯಲ್ಲಿ, ಪ್ರಾಣಿಯು ಒಳಗೆ ತಿರುಗಿ ಬರುವಷ್ಟು ಅಗಲದಲ್ಲಿ, 20ರಿಂದ 30 ಸೆಂಟಿಮೀಟರ್ ಆಳಕ್ಕೆ ಈ ಮಣ್ಣನ್ನು ತುಂಬಿಡುವುದೇ ಲೇಸು. ಆಹಾರವನ್ನು ಅದರೊಳಗೆ ಹಾಕಕೂಡದು. ಹುಳುವಿನೊಡನೆ ಮರಳನ್ನೂ ನುಂಗಿದರೆ ಕರುಳು ಕಟ್ಟಿಕೊಳ್ಳಬಹುದು. ಮರಿಗಳಿಗೆ ಈ ಭಯ ಹೆಚ್ಚು. ಮರಿಗಳ ತೊಟ್ಟಿಯಲ್ಲಿ ಕಾಗದವನ್ನು ಹಾಸಿದರೆ ಸಾಕು. ಸುಣ್ಣದ ಅಂಶ ದೊರೆಯುವುದೆಂದು ಅಂಗಡಿಗಳಲ್ಲಿ ಮಾರುವ ಕ್ಯಾಲ್ಸಿಯಂ ಮರಳನ್ನು ನಾವಂತೂ ಒಪ್ಪಲಾರೆವು. ಪ್ರಾಣಿಯು ಅದನ್ನು ತಿನ್ನಲೆಂದು ಆಸೆ ಹುಟ್ಟಿಸುವುದು ಯಾವ ಜಾಣತನ?

ಈ ಪೆಟ್ಟಿಗೆಯು ಹೆಣ್ಣಿಗೆ ಜೀವನ್ಮರಣದ ಪ್ರಶ್ನೆ. ಗಂಡಿನ ಸಂಗವಿಲ್ಲದಿದ್ದರೂ ಬೆಳೆದ ಹೆಣ್ಣು ಬಂಜೆ ಮೊಟ್ಟೆಗಳನ್ನಿಡಬಹುದು. ಒಂದು ಸಲಕ್ಕೆ ಇಪ್ಪತ್ತರ ಆಸುಪಾಸು. ಒಪ್ಪುವ ನೆಲ ಸಿಗದಿದ್ದರೆ ಮೊಟ್ಟೆಗಳನ್ನು ಒಳಗೇ ತಡೆದುಕೊಳ್ಳುತ್ತದೆ, ಸಾವೂ ಸಂಭವಿಸಬಹುದು. ಹೊಟ್ಟೆ ಉಬ್ಬಿ, ಮೇವು ಬಿಟ್ಟು, ಗಾಜನ್ನೂ ನೆಲವನ್ನೂ ಎಡೆಬಿಡದೆ ಕೆರೆಯತೊಡಗಿದರೆ ಅದನ್ನು ಕೂಡಲೇ ಪೆಟ್ಟಿಗೆಗೆ ಬಿಡಬೇಕು. ಅಲ್ಲಿಯೂ ಮೊಟ್ಟೆಯಿಡದೆ ಸೊರಗಿದರೆ ಪಶುವೈದ್ಯರಲ್ಲಿಗೆ ಒಯ್ಯುವುದಕ್ಕೆ ತಡಮಾಡಬಾರದು.

ಅಗೆಯುವಾಗ ಇಣುಕಿ ನೋಡುವವರ ಕಾಟವಿರಬಾರದು. ಬಟ್ಟೆಯೊಂದನ್ನು ಮರೆಮಾಡಿದರೆ ಆಯಿತು. ಮೊಟ್ಟೆಯಿಟ್ಟ ಬಳಿಕ ಹೆಣ್ಣು ತಾನೇ ಗುಂಡಿಯನ್ನು ಮುಚ್ಚಿ, ಮೂತಿಯಿಂದ ಮಣ್ಣನ್ನು ಒತ್ತಿ ಸಮಮಾಡುತ್ತದೆ. ನಮ್ಮ ಹಿತ್ತಿಲ ಓತಿಕ್ಯಾತವೂ ನೆಲ ತೋಡಿಯೇ ಮೊಟ್ಟೆಯಿಟ್ಟು ಗುಂಡಿಯನ್ನು ಮುಚ್ಚುತ್ತದೆ; ಮಳೆ ಬಂದು ನೆಲ ಹದವಾದ ದಿನಗಳಲ್ಲಿ, ದೂರದಲ್ಲಿಯೇ ನಿಂತು, ವಾಚಕರು ಅದನ್ನು ಕಾಣಬಹುದು.