ಅಮೆರಿಕದ ಹಳೆಯ ಸೇನಾ ವಾಹನಗಳ ಸಂಗ್ರಹ ಮತ್ತು ಪುನರುದ್ಧಾರ

ಅಮೆರಿಕದ ಹಳೆಯ ಸೇನಾ ವಾಹನಗಳ ಸಂಗ್ರಹ ಮತ್ತು ಪುನರುದ್ಧಾರ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ಸೇನೆಗಾಗಿ ತಯಾರಾಗಿ, ಸೇವೆಯಿಂದ ಹೊರಬಂದ ಜೀಪು, ಟ್ರಕ್ಕು, ಟ್ಯಾಂಕು ಮೊದಲಾದವುಗಳನ್ನು ಕೊಂಡು, ಓಡುವ ಸ್ಥಿತಿಗೆ ತಂದು ಉಳಿಸಿಕೊಳ್ಳುವ ಹವ್ಯಾಸ. ಖಾಸಗಿ ವ್ಯಕ್ತಿಗಳೂ ವಸ್ತುಸಂಗ್ರಹಾಲಯಗಳೂ ಇದರಲ್ಲಿ ತೊಡಗಿವೆ. ಇವುಗಳಲ್ಲಿ ಅತ್ಯಂತ ಜನಪ್ರಿಯವಾದದ್ದು ಎರಡನೇ ಮಹಾಯುದ್ಧದ ಕಾಲು ಟನ್ ಜೀಪು. ಮನೆಯ ಗ್ಯಾರೇಜಿನಲ್ಲಿ ನಿಲ್ಲಿಸಬಹುದಾದ ಗಾತ್ರ ಮತ್ತು ಬಿಡಿಭಾಗಗಳ ಲಭ್ಯತೆ ಇದಕ್ಕೆ ಮುಖ್ಯ ಕಾರಣಗಳು.

ಹಿನ್ನೆಲೆ

1940ರಲ್ಲಿ ಅಮೆರಿಕದ ಸೇನೆಯು ನಾಲ್ಕೂ ಚಕ್ರಗಳಿಗೆ ಚಾಲನೆಯುಳ್ಳ ಹಗುರವಾದ ಗಸ್ತು ವಾಹನಕ್ಕಾಗಿ 135 ಕಂಪನಿಗಳನ್ನು ಟೆಂಡರಿಗೆ ಆಹ್ವಾನಿಸಿತು. ಪೆನ್ಸಿಲ್ವೇನಿಯಾದ ಬಟ್ಲರ್ ಪಟ್ಟಣದಲ್ಲಿದ್ದ ಅಮೆರಿಕನ್ ಬ್ಯಾಂಟಮ್ ಎಂಬ ಸಣ್ಣ ಕಂಪನಿಯು ಕಾರ್ಲ್ ಪ್ರಾಬ್ಸ್ಟ್ ಅವರ ವಿನ್ಯಾಸದಂತೆ ಮೊದಲ ಮಾದರಿಯನ್ನು ಕಟ್ಟಿ, ಸೆಪ್ಟೆಂಬರ್ 23ರಂದು ಸೇನೆಗೆ ಒಪ್ಪಿಸಿತು. ಆದರೆ ದೊಡ್ಡ ಪ್ರಮಾಣದ ತಯಾರಿಕೆಯ ಆದೇಶ ದೊರೆತದ್ದು ಒಹಾಯೊ ರಾಜ್ಯದ ವಿಲ್ಲೀಸ್-ಓವರ್‌ಲ್ಯಾಂಡ್ ಕಂಪನಿಗೆ, ಅನಂತರ ಅದರ ನಕ್ಷೆಗಳನ್ನೇ ಅನುಸರಿಸಿದ ಫೋರ್ಡ್ ಕಂಪನಿಗೆ. ವಿಲ್ಲೀಸ್‌ನ ಎಂಬಿ ಮತ್ತು ಫೋರ್ಡ್‌ನ ಜಿಪಿಡಬ್ಲ್ಯೂ ಸೇರಿ ಯುದ್ಧ ಮುಗಿಯುವ ವೇಳೆಗೆ ಸುಮಾರು 6,40,000 ಜೀಪುಗಳು ತಯಾರಾದವು. ಎರಡೂ ಕಂಪನಿಗಳ ಬಿಡಿಭಾಗಗಳು ಪರಸ್ಪರ ಹೊಂದಿಕೊಳ್ಳಬೇಕೆಂದು ಸೇನೆ ಬಯಸಿತ್ತು. ಯುದ್ಧಭೂಮಿಯಲ್ಲಿ ವರವಾದ ಈ ಏರ್ಪಾಡು ಮುಂದೆ ಸಂಗ್ರಾಹಕರಿಗೆ ತಲೆನೋವಾಯಿತು.

ಯುದ್ಧಾನಂತರ ಹೆಚ್ಚುವರಿ ವಾಹನಗಳನ್ನು ಸರ್ಕಾರ ಮಾರಿತು. ಪೆಟ್ಟಿಗೆಯಲ್ಲಿ ತುಂಬಿದ ಹೊಸ ಜೀಪು 50 ಡಾಲರಿಗೆ ಸಿಗುತ್ತದೆಂಬ ಜಾಹೀರಾತುಗಳು ಬಹುಕಾಲ ಅಮೆರಿಕದ ಪತ್ರಿಕೆಗಳಲ್ಲಿ ಬರುತ್ತಿದ್ದವು. ಹಣ ಕಳುಹಿಸಿದವರಿಗೆ ಸಿಗುತ್ತಿದ್ದುದು ಜೀಪಲ್ಲ, ಸರ್ಕಾರಿ ಹರಾಜಿನಲ್ಲಿ ಭಾಗವಹಿಸುವ ಬಗೆಯನ್ನು ತಿಳಿಸುವ ಕಿರುಪುಸ್ತಿಕೆ. ಮಾರಾಟವಾದ ಜೀಪುಗಳನ್ನು ರೈತರೂ ಬೇಟೆಗಾರರೂ ಸವೆಯುವವರೆಗೆ ದುಡಿಸಿದರು. ಇವನ್ನು ಐತಿಹಾಸಿಕ ವಸ್ತುಗಳಾಗಿ ಕಾಣುವ ದೃಷ್ಟಿ ಬೆಳೆದದ್ದು ನಿಧಾನವಾಗಿ. 1976ರಲ್ಲಿ ಸ್ಥಾಪನೆಯಾದ ಮಿಲಿಟರಿ ವೆಹಿಕಲ್ ಪ್ರಿಸರ್ವೇಶನ್ ಅಸೋಸಿಯೇಶನ್ ಈ ಕ್ಷೇತ್ರದ ಪ್ರಮುಖ ಸಂಸ್ಥೆ. 1919ರಲ್ಲಿ ಅಮೆರಿಕದ ಸೇನೆ ಖಂಡದ ಉದ್ದಕ್ಕೂ ನಡೆಸಿದ ವಾಹನಯಾತ್ರೆಯನ್ನು ಈ ಸಂಸ್ಥೆ 2009ರಲ್ಲಿ ಹಳೆಯ ವಾಹನಗಳೊಂದಿಗೆ ಮತ್ತೆ ನಡೆಸಿತು.

ಗುರುತಿಸುವಿಕೆ

ಯುದ್ಧಕಾಲದ ಜೀಪಿನ ಗ್ರಿಲ್‌ನಲ್ಲಿ ಒಂಬತ್ತು ಸೀಳುಗಳಿರುತ್ತವೆ. ಯುದ್ಧಾನಂತರದ ನಾಗರಿಕ ಜೀಪುಗಳಲ್ಲಿ ಏಳು. ಮೊದಲ ಸುಮಾರು 25,000 ಎಂಬಿ ಜೀಪುಗಳಿಗೆ ಮಾತ್ರ ಕಬ್ಬಿಣದ ಪಟ್ಟಿಗಳನ್ನು ಬೆಸುಗೆ ಹಾಕಿ ಮಾಡಿದ ಗ್ರಿಲ್ ಇತ್ತು. ಹೆಡ್‌ಲೈಟುಗಳು ಗ್ರಿಲ್‌ನ ಹಿಂದೆ ಒಳಸರಿದಿರುತ್ತವೆ. ತಿರುಪು ಸಡಿಲಿಸಿ ಹಿಂದಕ್ಕೆ ಮಗುಚಿದರೆ ಅವೇ ರಾತ್ರಿ ಎಂಜಿನ್ ರಿಪೇರಿಗೆ ಬೆಳಕು ಕೊಡುತ್ತವೆ.

ವಿಲ್ಲೀಸ್ ಮತ್ತು ಫೋರ್ಡ್ ಜೀಪುಗಳ ವ್ಯತ್ಯಾಸ ಇನ್ನೂ ಸೂಕ್ಷ್ಮವಾದದ್ದು. ರೇಡಿಯೇಟರಿನ ಕೆಳಗಿರುವ ಚಾಸಿಯ ಅಡ್ಡಪಟ್ಟಿ ವಿಲ್ಲೀಸ್‌ನಲ್ಲಿ ದುಂಡನೆಯ ಕೊಳವೆ, ಫೋರ್ಡ್‌ನಲ್ಲಿ ಚೌಕಾಕಾರದ್ದು. ಫೋರ್ಡ್ ತನ್ನ ಬೋಲ್ಟುಗಳ ತಲೆಯ ಮೇಲೂ ಅನೇಕ ಬಿಡಿಭಾಗಗಳ ಮೇಲೂ ‘ಎಫ್’ ಅಕ್ಷರವನ್ನು ಒತ್ತುತ್ತಿತ್ತು. ಫೋರ್ಡ್‌ನ ಕ್ರಮಸಂಖ್ಯೆಯನ್ನು ಚಾಸಿಯ ಎಡ ತೊಲೆಯ ಮೇಲೆಯೇ ಕೊರೆಯಲಾಗಿದೆ; ವಿಲ್ಲೀಸ್‌ನದು ಚಾಸಿಗೆ ರಿವೆಟ್ ಮಾಡಿದ ತಗಡಿನ ಮೇಲಿದೆ. ಕಾರ್ಖಾನೆ ಬಿಡುವಾಗ ಫೋರ್ಡ್‌ನ ಎಂಜಿನ್ ಸಂಖ್ಯೆಯೂ ಚಾಸಿ ಸಂಖ್ಯೆಯೂ ಒಂದೇ ಆಗಿದ್ದವು. ವಿಲ್ಲೀಸ್‌ನಲ್ಲಿ ಹಾಗಿರಲಿಲ್ಲ. ಆದ್ದರಿಂದ ಸಂಖ್ಯೆಗಳು ಹೊಂದುವುದಿಲ್ಲವೆಂದು ವಿಲ್ಲೀಸ್ ಜೀಪನ್ನು ತಿರಸ್ಕರಿಸುವುದು ಹೊಸ ಸಂಗ್ರಾಹಕರು ಮಾಡುವ ಒಂದು ತಪ್ಪು.

ಪುನರುದ್ಧಾರ

ಸಾಮಾನ್ಯವಾಗಿ ವಾಹನವನ್ನು ಸಂಪೂರ್ಣ ಬಿಚ್ಚಿ, ಚಾಸಿಯಿಂದ ಕೆಲಸ ಆರಂಭಿಸಲಾಗುತ್ತದೆ. ನೆಲದ ತಗಡಿನ ಕೆಳಗೆ ಬಲಕ್ಕಾಗಿ ಕೂಡಿಸಿದ ಉಕ್ಕಿನ ಪಟ್ಟಿಗಳೊಳಗೆ ಮರದ ತುಂಡುಗಳಿದ್ದು, ಅವು ತೇವವನ್ನು ಹೀರಿಕೊಳ್ಳುತ್ತಿದ್ದುದರಿಂದ ತುಕ್ಕು ಮೊದಲು ಹಿಡಿಯುವುದು ಅಲ್ಲಿ. ಚಾಲಕನ ಆಸನದ ಕೆಳಗಿನ ಪೆಟ್ರೋಲ್ ಟ್ಯಾಂಕ್ ಕುಳಿತುಕೊಳ್ಳುವ ಕುಳಿಯೂ ಹೀಗೆಯೇ ತೂತು ಬೀಳುತ್ತದೆ. ಬಾಡಿ ತೀರಾ ಹಾಳಾಗಿದ್ದರೆ ಫಿಲಿಪ್ಪೀನ್ಸ್‌ನಲ್ಲಿ ತಯಾರಾಗುವ ಹೊಸ ಪ್ರತಿರೂಪವನ್ನು ಕೂಡಿಸುವುದುಂಟು. 60 ಅಶ್ವಶಕ್ತಿಯ ನಾಲ್ಕು ಸಿಲಿಂಡರ್ ಎಂಜಿನ್ ಸರಳವಾದದ್ದು. 1944ರ ಟಿಎಂ 9-803 ಎಂಬ ಸೇನಾ ಕೈಪಿಡಿ ಇಂದಿಗೂ ದುರಸ್ತಿಗೆ ಮುಖ್ಯ ಆಧಾರ.

ಬಣ್ಣ ತೆಗೆಯುವ ಕೆಲಸದಲ್ಲಿ ಅವಸರ ಸಲ್ಲದು. ಪದರಗಳನ್ನು ಒಂದೊಂದಾಗಿ ಉಜ್ಜಿದರೆ ಬಾನೆಟ್ಟಿನ ಬದಿಯಲ್ಲಿ 20ರಿಂದ ಆರಂಭವಾಗುವ ಮೂಲ ನೋಂದಣಿ ಸಂಖ್ಯೆಯೂ, ಬಂಪರಿನ ಮೇಲೆ ಅದು ಸೇರಿದ್ದ ತುಕಡಿಯ ಗುರುತೂ ಕಾಣಸಿಗಬಹುದು. ಒಂದು ಜೀಪು ಎಲ್ಲಿ ದುಡಿಯಿತೆಂಬುದಕ್ಕೆ ಅನೇಕ ವೇಳೆ ಉಳಿದಿರುವ ಸಾಕ್ಷ್ಯ ಇಷ್ಟೇ. ಮರಳನ್ನು ರಭಸದಿಂದ ಸಿಡಿಸಿ ಬಣ್ಣ ಕಿತ್ತರೆ ಅದು ಕೆಲವೇ ನಿಮಿಷಗಳಲ್ಲಿ ಅಳಿದುಹೋಗುತ್ತದೆ.

ಸಂಗ್ರಾಹಕರಲ್ಲಿ ಬಗೆಹರಿಯದ ವಿವಾದವೊಂದು ಇಲ್ಲಿಂದಲೇ ಹುಟ್ಟುತ್ತದೆ. ಒಂದು ಪಕ್ಷವು ವಾಹನವನ್ನು ಕಾರ್ಖಾನೆಯಿಂದ ಹೊರಬಂದ ದಿನದ ಸ್ಥಿತಿಗೆ ತರಬಯಸುತ್ತದೆ; ಫೋರ್ಡ್ ಜೀಪಿನ ಪ್ರತಿಯೊಂದು ಬೋಲ್ಟಿಗೂ ‘ಎಫ್’ ಗುರುತನ್ನು ಹುಡುಕುತ್ತದೆ. ಆದರೆ ಸೇನೆಯ ಕಾರ್ಯಾಗಾರಗಳಲ್ಲಿ ಮೆಕ್ಯಾನಿಕ್‌ಗಳು ಕೈಗೆ ಸಿಕ್ಕಿದ ಭಾಗವನ್ನು ಜೋಡಿಸುತ್ತಿದ್ದರು. ವಿಲ್ಲೀಸ್ ಎಂಜಿನ್ ಹೊತ್ತ ಫೋರ್ಡ್ ಜೀಪು ಯುದ್ಧದಲ್ಲಿ ಅಪರೂಪವೇನಲ್ಲ. ಅದನ್ನು ‘ಸರಿಪಡಿಸುವುದು’ ನಿಜವಾಗಿ ನಡೆದ ಚರಿತ್ರೆಯನ್ನು ಅಳಿಸುವುದೇ ಸರಿ ಎಂಬುದು ಎದುರು ಪಕ್ಷದ ವಾದ, ಮತ್ತು ಅದರಲ್ಲಿ ತೂಕವಿದೆ. ಯುದ್ಧಾನಂತರ ಫ್ರಾನ್ಸಿನ ಸೇನೆ ಪೂರ್ಣವಾಗಿ ಬಿಚ್ಚಿ ಮರುಜೋಡಿಸಿದ ಜೀಪುಗಳಲ್ಲಂತೂ ಮೂಲ ಜೋಡಣೆಯನ್ನು ನಿರೀಕ್ಷಿಸುವುದೇ ವ್ಯರ್ಥ.

ಅಪಾಯಗಳು ಮತ್ತು ನಿರ್ಬಂಧಗಳು

‘ಕಾಂಬ್ಯಾಟ್’ ಚಕ್ರದ ಎರಡು ಹೋಳುಗಳನ್ನು ಬೋಲ್ಟುಗಳು ಹಿಡಿದಿರುತ್ತವೆ. ಗಾಳಿಯನ್ನು ಪೂರ್ತಿ ಬಿಡದೆ ಇವನ್ನು ಸಡಿಲಿಸಿದರೆ ಚಕ್ರ ಸಿಡಿದು ಪ್ರಾಣಾಪಾಯವಾಗಬಹುದು. ಹಳೆಯ ಬ್ರೇಕ್ ಲೈನಿಂಗ್‌ಗಳಲ್ಲಿ ಕಲ್ನಾರು, ಕೆಲವು ಮಾಪಕಗಳ ಹೊಳೆಯುವ ಬಣ್ಣದಲ್ಲಿ ರೇಡಿಯಂ ಇರುತ್ತವೆ. ಟ್ಯಾಂಕಿನ ಫಿರಂಗಿ ಕಾರ್ಯಶೀಲವಾಗಿದ್ದರೆ ಅಮೆರಿಕದ ಕಾನೂನಿನಂತೆ ಅದಕ್ಕೆ ಪ್ರತ್ಯೇಕ ನೋಂದಣಿ ಅಗತ್ಯ. ಜೀಪಿನ ಉತ್ತರಾಧಿಕಾರಿಯಾದ ಎಂ151 ತಿರುವುಗಳಲ್ಲಿ ಮಗುಚುವ ಸ್ವಭಾವದ್ದಾಗಿತ್ತು. ಅದು ಸಾರ್ವಜನಿಕ ರಸ್ತೆಗೆ ತಕ್ಕುದಲ್ಲವೆಂದು ಪರಿಗಣಿಸಿ, ಸೇವೆ ಮುಗಿಸಿದ ಅನೇಕ ವಾಹನಗಳನ್ನು ಕತ್ತರಿಸಿಯೇ ವಿಲೇವಾರಿ ಮಾಡಲಾಯಿತು. ಹಾಗಾಗಿ ಜೀಪಿಗಿಂತ ಈಚಿನದಾದರೂ ಇಡಿಯಾದ ಎಂ151 ಸುಲಭವಾಗಿ ಸಿಗುವುದಿಲ್ಲ.

ಭಾರತದಲ್ಲಿ

ಚೀನಾ-ಬರ್ಮಾ-ಭಾರತ ರಣರಂಗಕ್ಕೆ ಬಂದಿದ್ದ ಜೀಪುಗಳಲ್ಲಿ ಹಲವು ಇಲ್ಲಿಯೇ ಉಳಿದವು. ಮಲೆನಾಡಿನ ಕಾಫಿ ತೋಟಗಳಲ್ಲಿ ಕಾಣುವ ಹಳೆಯ ಜೀಪುಗಳು ಬಹುಮಟ್ಟಿಗೆ ಯುದ್ಧಕಾಲದವಲ್ಲ. ವಿಲ್ಲೀಸ್ ಪರವಾನಗಿಯಡಿ ಮಹೀಂದ್ರ ಕಂಪನಿ ತಯಾರಿಸಿದವು. ಯುದ್ಧಕಾಲದವಕ್ಕೆ ಸ್ಟೀರಿಂಗ್ ಎಡಗಡೆಗಿತ್ತು. ಆದರೆ ಭಾರತದಲ್ಲಿ ಉಳಿದ ಹಲವಕ್ಕೆ ಸ್ಟೀರಿಂಗ್ ಬದಲಾಯಿಸಿ ಡೀಸೆಲ್ ಎಂಜಿನ್ ಕೂಡಿಸಿರುವುದರಿಂದ, ಗುರುತು ಹಿಡಿಯಲು ಚಾಸಿಯ ಅಡ್ಡಪಟ್ಟಿಯನ್ನೂ ಕ್ರಮಸಂಖ್ಯೆಯನ್ನೂ ನೋಡಬೇಕಾಗುತ್ತದೆ.