ಮಂಜಿಯ ಸಂದಿಗೆ ನಮ್ಮೂರ ಹತ್ತಿ

ಇಂಟರ್ನ್‌ಶಿಪ್ ಸಂದರ್ಶನಕ್ಕೆಂದು ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿಗೆ ಮಂಗಳೂರಿಗೆ ಹೋಗಿದ್ದೆ. ‘ಗ್ಯಾಸ್ಕೆಟ್ ಕೆಲಸ ಏನು?’ ಎಂದು ಕೇಳಿದರು. ಬಾಯಿಪಾಠ ಮಾಡಿದ್ದ ವ್ಯಾಖ್ಯಾನ ಅರ್ಧಕ್ಕೇ ಮರೆತುಹೋಯಿತು. ಹತ್ತೇ ನಿಮಿಷದಲ್ಲಿ ‘ತಿಳಿಸ್ತೀವಿ’ ಅಂದರು. ವಾಪಸ್ ಬಸ್ ಇದ್ದದ್ದು ರಾತ್ರಿಗೆ. ಸಪ್ಪೆ ಮುಖ ಹೊತ್ತು ನಡೆಯುತ್ತಾ ಹಳೇ ಬಂದರಿನ ದಕ್ಕೆಗೆ ಬಂದೆ.

ಗುರುಪುರ ನದಿಯ ದಂಡೆಯಲ್ಲಿ ಮರದ ಮಂಜಿಗಳು ಸಾಲಾಗಿ ನಿಂತಿದ್ದವು. ಲಕ್ಷದ್ವೀಪಕ್ಕೆ ಹೊರಟ ಒಂದಕ್ಕೆ ಸಿಮೆಂಟ್ ಚೀಲ, ಇನ್ನೊಂದಕ್ಕೆ ತರಕಾರಿ ಏರುತ್ತಿತ್ತು. ಒಂದು ಕಾಲಕ್ಕೆ ಹಾಯಿ ಬಿಚ್ಚಿ ಗಾಳಿ ನಂಬಿ ಹೋಗುತ್ತಿದ್ದ ಇವಕ್ಕೆ ಈಗ ಡೀಸೆಲ್ ಎಂಜಿನ್. 1974ರಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಶುರುವಾದ ಮೇಲೂ ಮಂಜಿಗಳು ಇಲ್ಲೇ ಉಳಿದವು.

ದಡಕ್ಕೆಳೆದಿದ್ದ ಮಂಜಿಯೊಂದರ ಹಲಗೆ ಸಂದಿಗೆ ಹಿರಿಯರೊಬ್ಬರು ಏನೋ ಬಡಿದು ತುಂಬುತ್ತಿದ್ದರು.

‘ಅದೇನ್ರೀ ಕಾಕಾ?’

‘ಹತ್ತಿ ಮಾರಾಯ. ನೀರು ಒಳಗೆ ಬರಬಾರದಲ್ಲ?’

ಎಣ್ಣೆ ಹಾಕಿದ ಹತ್ತಿ. ನೀರಿಗಿಳಿದ ಮೇಲೆ ಹಲಗೆ ಉಬ್ಬಿ ಸಂದಿ ಇನ್ನಷ್ಟು ಬಿಗಿಯಾಗುತ್ತದೆ.

ಹತ್ತಿ ಅಂದಕೂಡಲೇ ನಮ್ಮೂರು ನೆನಪಾಯಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಾಲದಾದಾಗ, ಧಾರವಾಡ ಸೀಮೆಯ ಹತ್ತಿಗೆ ಬೆಲೆ ಬಂತು. ಚಕ್ಕಡಿಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಹತ್ತಿ ಒಯ್ಯುತ್ತಿದ್ದವು. ಅಲ್ಲಿಂದ ಹಾಯಿಹಡಗಿನಲ್ಲಿ ಮುಂಬೈಗೆ. ಬೆಳೆದದ್ದು ನಾವು, ಪೇಟೆಯಲ್ಲಿ ಬಿದ್ದ ಹೆಸರು ‘ಕುಮಟಾ ಹತ್ತಿ’! ರೈಲು ಬಂದ ಮೇಲೆ ಆ ದಾರಿ ಬರಿದಾಯಿತು.

ಆ ಕಂಪನಿಯಿಂದ ಫೋನ್ ಬರಲಿಲ್ಲ. ಆದರೆ ಗ್ಯಾಸ್ಕೆಟ್ ಬಗ್ಗೆ ಇನ್ನು ಯಾರು ಕೇಳಿದರೂ ಮಂಜಿಯಿಂದಲೇ ಶುರು ಮಾಡುತ್ತೇನೆ.